ಎರಡು ಸ್ಟೂಲಿನ ನಡುವಿನ ಚಕ್ರ

ಅಪ್ಪ ಬೈಕು ಮಾರ್ತೀನಿ ಅಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಅವರಿಗೆ ಮಂಡಿನೋವು ಬಂದಮೇಲೆ ಅದು ನನ್ನ ಗಾಡಿಯೇ ಆಗಿತ್ತು. ಯಲಹಂಕದಿಂದ ಯಶವಂತಪುರಕ್ಕೆ ಕೆಲಸಕ್ಕೆ ಅದರಲ್ಲೇ ಹೋಗಿಬರುತ್ತಿದ್ದೆ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಹುಡುಗಿ ಬೈಕು ಓಡಿಸೋದು ನೋಡಿ ಯಾರಾದರೂ ಬಾಯಿ ಬಿಟ್ಕೊಂಡು ನಿಂತರೆ ಒಳಗೊಳಗೇ ಖುಷಿ. ಅದು ಹೋದರೆ ಮತ್ತೆ ಬಸ್ಸಿನಲ್ಲಿ ನೇತಾಡಬೇಕು.

ಅಪ್ಪನ ಮಾತಿಗೂ ಕಾರಣವಿತ್ತು ಅನ್ನಿ. ಆಯುಧಪೂಜೆ ಮುಗಿದದ್ದೇ ತಡ, ವೇಗ ಅರವತ್ತು ಮುಟ್ಟಿದರೆ ಹ್ಯಾಂಡಲ್ಲು ಗಡಗಡ ನಡುಗೋಕೆ ಶುರುವಾಯಿತು. ಒಂದು ದಿನ ನನ್ನ ಹಿಂದೆ ಕೂತಿದ್ದ ಅಮ್ಮ ಗಾಡಿ ನಿಲ್ಲಿಸು ಅಂತ ಕೂಗಿ ಇಳಿದೇಬಿಟ್ಟಳು. "ದೃಷ್ಟಿ ಆಗೈತೆ ಕಣೇ. ನಾನಂತೂ ಇನ್ನು ಕೂರಲ್ಲ, ನೀನೂ ಕೂರಬ್ಯಾಡ!" ನಿಂಬೆಹಣ್ಣು ನಿವಾಳಿಸಿದ್ದೂ ಆಯಿತು. ನಡುಕ ಹೋಗಲಿಲ್ಲ. ಅಪ್ಪ ಮಾಕಳಿಯ ಗೆಳೆಯರೊಬ್ಬರಿಗೆ ಭಾನುವಾರ ಬಂದು ಗಾಡಿ ತಗೊಂಡು ಹೋಗಿ ಅಂತ ಮಾತು ಕೊಟ್ಟರು.

ಚಕ್ರದ ತೂಕ ಒಂದೇ ಕಡೆ ಹೆಚ್ಚಾದರೆ ಹೀಗಾಗುತ್ತೆ ಅಂತ ಮೆಕ್ಯಾನಿಕ್ ಹೇಳಿದ್ದ. ಟೈರ್ ಅಂಗಡಿಗೆ ಹೋದರೆ ಅಲ್ಲಿಯವನು, "ನಮ್ ಮೆಷಿನ್ನು ಕಾರಿಗೆ ಮಾತ್ರ ಮೇಡಂ" ಅಂದುಬಿಟ್ಟ. ಹೋಗಯ್ಯ, ನಾನೇ ನೋಡ್ಕೋತೀನಿ ಅಂದುಕೊಂಡು ಬಂದೆ.

ಭಾನುವಾರ ಬೆಳಗ್ಗೆ ಮುಂದಿನ ಚಕ್ರ ಬಿಚ್ಚಿ, ಅದರ ಆಕ್ಸಲನ್ನು ಅಡುಗೆಮನೆಯ ಎರಡು ಸ್ಟೂಲಿನ ಮೇಲಿಟ್ಟು, ನಡುವೆ ಚಕ್ರ ತೂಗಾಡುವ ಹಾಗೆ ಮಾಡಿದೆ. ಮೆಲ್ಲಗೆ ತಿರುಗಿಸಿದೆ. ಒಂದೇ ಜಾಗ ಕೆಳಗೆ ಬಂದು ನಿಂತಿತು. ಮತ್ತೆ ತಿರುಗಿಸಿದೆ, ಮತ್ತೆ ಅದೇ ಜಾಗ. ಅಂದರೆ ಭಾರ ಅಲ್ಲಿದೆ, ಅದರ ಎದುರಿಗೆ ಮೇಲ್ಗಡೆ ತೂಕ ಬೇಕು. ಮೇಲ್ಗಡೆ ನೋಡಿದರೆ ರಿಮ್ಮಿನ ಮೇಲೆ ಒಣಗಿದ ಅಂಟಿನ ಗುರುತು!

ಅಷ್ಟರಲ್ಲಿ ಅಮ್ಮ ಕೈಯಲ್ಲಿ ದೋಸೆ ಮಗುಚುವ ಸಟ್ಟುಗ ಹಿಡಿದೇ ಬಂದಳು.

"ಅಲ್ಲೇ ಕಣೇ ಕರೀ ಚೂರು ಮೆತ್ಕೊಂಡಿದ್ದಿದ್ದು. ಪೂಜೆಗೆ ತೊಳೆಯುವಾಗ ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ. ಇದ್ರಲ್ಲೇ ಮೀಟಿ ತೆಗೆದೆ."

"ಅಮ್ಮಾ! ಅದು ಚಕ್ರದ ತೂಕ ಸಮ ಆಗ್ಲಿ ಅಂತ ಅಂಟಿಸಿದ್ದ ಸೀಸ!"

ಕುರ್ಚಿಯಲ್ಲಿದ್ದ ಅಪ್ಪ ಬಿದ್ದುಬಿದ್ದು ನಕ್ಕರು. ಅಮ್ಮನ ಮುಖ ಮಾತ್ರ ಸಪ್ಪಗಾಯಿತು. ಒಳಗೆ ಹೋಗಿ ದೇವರ ಮನೆಯ ಗೂಡಿನಿಂದ ಒಂದು ಹಳೇ ಕುಂಕುಮದ ಡಬ್ಬಿ ತಂದಳು. ಒಳಗೆ ಆ ಚೂರುಗಳೆಲ್ಲ ಹಾಗೇ ಇದ್ದವು. ಪೂಜೆ ದಿನ ಗಾಡಿಯಿಂದ ಬಂದದ್ದನ್ನು ಕಸಕ್ಕೆ ಹಾಕೋಕೆ ಅವಳಿಗೆ ಮನಸ್ಸು ಬಂದಿರಲಿಲ್ಲವಂತೆ. ನನಗೆ ಅವಳನ್ನು ಬೈಯಬೇಕೋ ಮುದ್ದಾಡಬೇಕೋ ತಿಳಿಯಲಿಲ್ಲ.

ಗಟ್ಟಿ ಟೇಪು ಹಚ್ಚಿ ಅವನ್ನು ಅದೇ ಗುರುತಿನ ಮೇಲೆ ಅಂಟಿಸಿದೆ. ಈಗ ಚಕ್ರ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತಿತ್ತು. ಗಾಡಿಗೆ ಜೋಡಿಸಿ ಕಿಕ್ ಹೊಡೆಯುವಷ್ಟರಲ್ಲಿ ಅಮ್ಮ ಸೆರಗು ಸಿಕ್ಕಿಸಿಕೊಂಡು ಹಿಂದೆ ಹತ್ತಿ ಕೂತೇಬಿಟ್ಟಳು.

ದೊಡ್ಡ ರಸ್ತೆಯಲ್ಲಿ ಅರವತ್ತು ಮುಟ್ಟಿತು. ಹ್ಯಾಂಡಲ್ಲು ಅಲ್ಲಾಡಲಿಲ್ಲ. ನನ್ನ ಭುಜ ಹಿಡಿದಿದ್ದ ಅವಳ ಕೈ ಸಡಿಲವಾಯಿತು. ನಾನು ಹೆಲ್ಮೆಟ್ಟಿನೊಳಗೇ ಕಿರುಚಿದೆ, ಅಷ್ಟು ಸಂತೋಷ.

ವಾಪಸ್ ಬಂದರೆ ಮಾಕಳಿಯವರು ಕಾಫಿ ಲೋಟ ಹಿಡಿದು ಅಪ್ಪನ ಪಕ್ಕ ಕೂತಿದ್ದರು. "ಗಾಡಿ ನಡುಗುತ್ತೆ ಅಂದಿದ್ರಿ?" ಅಂದರು.

ಅಮ್ಮ ಇಳಿದು ಸೆರಗು ಸರಿಮಾಡಿಕೊಂಡಳು. "ನಡುಗಿಸಿದ್ದು ನಾನು. ನೀವು ದೋಸೆ ತಿನ್ಕೊಂಡು ಹೋಗಿ ಅಣ್ಣಾ, ಗಾಡಿ ನನ್ ಮಗಳದ್ದು."