ತೊಟ್ಟಿಲದ ಪಟ್ಟಿ ಮ್ಯಾಲಿನ ಹಲ್ಲು

ಹಳೇ ಕಟ್ಟಿಗಿ ಮ್ಯಾಲೆ ಕೈ ಇಟ್ರ ಸಾಕು, ಸಾಗವಾನಿಯೋ ಮತ್ತಿಯೋ ಕಣ್ಮುಚ್ಚಿ ಹೇಳತೀನಿ. ಆ ಸೊಕ್ಕ ನನ್ನ ಕೆಡಿಸ್ತು ನೋಡ್ರಿ.

ತಳಕಲ್ಲಿನ ಮಾಸ್ತರೊಬ್ರು ಗಂಗಾವತಿಯ ನನ್ನ ಅಂಗಡಿಗೆ ತಮ್ಮ ಮನಿ ಹಳೇ ತೊಟ್ಟಿಲ ತಂದಿಳಿಸಿದ್ರು. ಶುಕ್ರವಾರ ಮೊಮ್ಮಗಳನ್ನ ತೊಟ್ಟಿಲಕ್ಕ ಹಾಕ್ಬೇಕು, ಹೊಸದರಂಗ ಮಾಡ್ರಿ ಅಂದ್ರು. ಕರೇ ಪಾಲಿಶ್ ಕೆರದೆ, ಒಳಗ ಅಪ್ಪಟ ಸಾಗವಾನಿ. ಒಂದು ಕಡೆ ಪಟ್ಟಿ ಮ್ಯಾಲೆ ಮಾತ್ರ ಸಣ್ಣ ಸಣ್ಣ ತೆಗ್ಗು ಇದ್ವು. ಇಲಿ ಕಡದಾವು ಅಂದ್ಕೊಂಡು ಉಜ್ಜುಗೊರಡು ಹೊಡದು ನುಣ್ಣಗ ಮಾಡಿಬಿಟ್ಟೆ.

ಗುರುವಾರ ಮಧ್ಯಾಹ್ನ ಮಾಸ್ತರ ಫೋನ್ ಬಂತು.

"ಸಾಬ್ರ, ಒಂದು ಮಾತು ಹೇಳೂದು ಮರ್ತೆ. ಪಟ್ಟಿ ಮ್ಯಾಲೆ ಹಲ್ಲಿನ ಗುರ್ತು ಅದಾವಲ್ಲ, ಅವನ್ನ ಮುಟ್ಟಬ್ಯಾಡ್ರಿ. ನಮ್ಮಣ್ಣ ಕೂಸಿದ್ದಾಗ ಕಚ್ಚಿದ್ದು. ವರ್ಷ ತುಂಬೂದ್ರಾಗ ಹೋದ ಅಂವ. ಒಂದು ಫೋಟೋ ಸೈತ ಇಲ್ಲ. ಮುಂದ ನಾವು ಹುಟ್ಟಿದಾಗೆಲ್ಲ ಅವ್ವ ಆ ಪಟ್ಟಿಗೆ ಅರಿವಿ ಸುತ್ತಿ ಮಲಗಿಸ್ಯಾಳ, ಗುರ್ತು ಅಳಿಸಬಾರ್ದಂತ. ತೊಟ್ಟಿಲ ನೋಡಾಕ ಅಕೀನ ಬರಾಕತ್ಯಾಳ, ಈಗಷ್ಟ ಬಸ್ಸಿಗೆ ಹತ್ತಿಸೀನಿ."

ಹೂಂ ಅಂದು ಫೋನ್ ಇಟ್ಟೆ. ತಪ್ಪಾಗೇತಿ ಅಂತ ಅವಾಗ ಹೇಳಿದ್ರ ಗಂಟೇನು ಹೋಗ್ತಿತ್ತು? ಆದ್ರ ಇಷ್ಟು ವರ್ಷ ಗಳಿಸಿದ ಹೆಸರು ನೆನಪಾತು. ಉಳಿ ತಗೊಂಡೆ.

ಕೂಸಿನ ಹಲ್ಲು ನನಗ ಗೊತ್ತಿಲ್ಲೇನು, ಮೂರು ಮಕ್ಕಳನ್ನ ಬೆಳಸೀನಿ. ಜೋಡಿ ಜೋಡಿ ತೆಗ್ಗು ಒತ್ತಿದೆ. ಉಗುರಿಲೆ ಅಂಚು ತೀಡಿದೆ, ಅರಗಿನ ಪಾಲಿಶ್ ತುಂಬಿ ಕಪ್ಪು ಮಾಡಿದೆ. ರಸ್ತೇದಾಗ ಬಸ್ಸಿನ ಸಪ್ಪಳ ಆದಾಗೊಮ್ಮೆ ಬಾಗಲ ಕಡೆ ನೋಡತಿದ್ದೆ. ಮುಗಿಸಿ ನೋಡಿದ್ರ, ನಾಚಿಕಿಗೇಡಿ ನಾನು, ಛಲೋ ಆಗೇತಿ ಅನ್ನಿಸ್ತು.

ಸಂಜೀಕ ಮುದುಕವ್ವ ಬಂದ್ಲು. ಕಣ್ಣು ಅಷ್ಟಕ್ಕಷ್ಟ. ತೊಟ್ಟಿಲದ ಬಾಜೂಕ ಕುಂತು, ಪಟ್ಟಿ ತುದೀಲಿಂದ ಬೆರಳು ಎಳಕೋತ ಬಂದ್ಲು. ಬೆರಳು ತೆಗ್ಗಿನ ಮ್ಯಾಲೆ ನಿಂತಿತು. ಹಿಂದ ಹೋತು, ಮತ್ತ ಬಂತು.

"ಇವು ಯಾರವು ತಮ್ಮಾ?"

"ನಿಮ್ಮ ಮಗಂದೇ ಯವ್ವಾ," ಅಂದೆ.

"ಅವಗ ಒಂದ ಹಲ್ಲು ಬಂದಿತ್ತು," ಅಂದ್ಲು. "ಎರಡನೇದು ಬರೂದ್ರಾಗ ಹೋದ."

ಬೈದಿದ್ರ ಕಾಲು ಹಿಡೀತಿದ್ದೆ, ಬೈಲಿಲ್ಲ. ಪಟ್ಟಿಗೆ ಸುತ್ತಾಕಂತ ತಂದಿದ್ದ ಹಳೇ ಅರಿವಿ ಅಕೀ ತೊಡಿ ಮ್ಯಾಲಿತ್ತು. ಅದನ್ನ ಸಾವಕಾಶ ಮಡಚಿ ಚೀಲದಾಗ ಇಟ್ಕೊಂಡ್ಲು.