ರಿಪೀಟರ್ ಕಟ್ಟಿದ ದಸರಾ ರಜೆ

ಮೊಬೈಲ್ ಇನ್ನೂ ನಮ್ಮ ಕಡೆಗೆ ಬಂದಿರದ ಕಾಲ ಅದು. ಅರಸೀಕೆರೆಯ ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ, ಆದರೆ ವೈರ್‌ಲೆಸ್ ಇತ್ತು. ಮೇಷ್ಟರಾಗಿದ್ದ ಅಪ್ಪ, ಹಾರನಹಳ್ಳಿಯಲ್ಲಿದ್ದ ಅವರ ತಂಗಿ ಪದ್ಮತ್ತೆ, ಇಬ್ಬರಿಗೂ ಹವ್ಯಾಸಕ್ಕೆ ವೈರ್‌ಲೆಸ್‌ನಲ್ಲಿ ಮಾತಾಡುವ ಹ್ಯಾಮ್ ರೇಡಿಯೊ ಹುಚ್ಚು; ಇಬ್ಬರಿಗೂ ಲೈಸೆನ್ಸು. ಅತ್ತೆಗಂತೂ ಮೈಕು ಸಿಕ್ಕರೆ ಬಿಡುವುದೇ ಗೊತ್ತಿರಲಿಲ್ಲ.

ಆ ದಸರಾ ರಜೆಯಲ್ಲಿ ಅಪ್ಪ ಹಾರನಹಳ್ಳಿಯ ಹತ್ತಿರದ ಗುಡ್ಡದ ಮೇಲೆ, ಮಾತನ್ನು ದೂರಕ್ಕೆ ದಾಟಿಸುವ ರಿಪೀಟರ್ ಕಟ್ಟಲು ಹೊರಟರು. ನಾನೂ ಗಂಟುಬಿದ್ದೆ. ಎರಡು ವೈರ್‌ಲೆಸ್ ಸೆಟ್ಟುಗಳನ್ನು ವೈರಿನಿಂದ ಜೋಡಿಸುವುದು. ಅಪ್ಪನ ವಾಕಿಟಾಕಿಯ ಮಾತನ್ನು ಒಂದು ಸೆಟ್ಟು ಕೇಳಿಸಿಕೊಂಡರೆ, ಇನ್ನೊಂದು ಅದನ್ನೇ ಬೇರೆ ಬ್ಯಾಂಡಿನಲ್ಲಿ ಅತ್ತೆಯ ಮನೆಗೆ ಕಳಿಸಬೇಕು. ಅತ್ತೆಯ ಉತ್ತರ ಅದೇ ದಾರಿಯಲ್ಲಿ ವಾಪಸು. ಎರಡೂ ಕಡೆಯ ಮಾತು ಸರಿಯಾಗಿ ದಾಟುತ್ತಿದೆಯೇ ಎಂದು ಕೇಳಿಸಿಕೊಳ್ಳಲು ಅಪ್ಪ ಸೆಟ್ಟುಗಳಿಗೆ ದೊಡ್ಡದೊಂದು ಸ್ಪೀಕರ್ ಸಿಕ್ಕಿಸಿದ್ದರು. ಸುತ್ತ ಹಣ್ಣಾದ ಸೀತಾಫಲದ ಘಮ.

ವಾಕಿಟಾಕಿ ಹಿಡಿದು ನಾವು ಪಕ್ಕದ ಎತ್ತರದ ಬಂಡೆ ಹತ್ತಿದೆವು. ತಿರುಗಿ ನೋಡಿದರೆ, ಸೆಟ್ಟಿನ ಬಳಿ ಇಟ್ಟಿದ್ದ ನಮ್ಮ ಚಿತ್ರಾನ್ನದ ಡಬ್ಬಿಯನ್ನು ಒಂದು ಕರಡಿಮರಿ ಉರುಳಿಸುತ್ತಿತ್ತು. ಅದರ ಹಿಂದೆಯೇ ತಾಯಿ. ನಾವು ಇಳಿಯಬೇಕಾದ ದಾರಿಯೂ ಅಲ್ಲೇ.

ಅಪ್ಪ ಗುಂಡಿ ಒತ್ತಿ ಪಿಸುಗುಟ್ಟಿದರು: "ಪದ್ಮಾ, ಕರಡಿ ಕಣೇ. ಸೆಟ್ಟಿನ ಹತ್ರಾನೇ ಇದೆ."

ಆ ಪಿಸುಮಾತು ಸ್ಪೀಕರಿನಲ್ಲಿ ಗಟ್ಟಿಯಾಗಿ ಹೊರಬಿತ್ತು. ಮರಿ ಹಿಂದಕ್ಕೆ ನೆಗೆಯಿತು. ತಾಯಿ ಹಿಂಗಾಲಿನ ಮೇಲೆ ಎದ್ದು ನಿಂತು, ಮೂಗೆತ್ತಿ ನಮ್ಮ ಬಂಡೆಯ ಕಡೆಗೆ ತಿರುಗಿತು. ಅಪ್ಪನ ಬೆರಳು ತಾನಾಗಿ ಗುಂಡಿ ಬಿಟ್ಟಿತು.

"ಅತ್ತೆ ಈಗ ಮಾತಾಡಿದ್ರೆ?" ಅಂದೆ.

ಅಪ್ಪ ನನ್ನ ಬಾಯಿ ಮುಚ್ಚಿದರು. ಅತ್ತೆ ಉತ್ತರಿಸಿದರೆ ಅದು ಕರಡಿಯ ಕಿವಿಯಲ್ಲೇ ಕೂಗಿದಂತೆ. ಉತ್ತರಿಸದಿದ್ದರೆ ನಮ್ಮ ಮಾತು ಅವರಿಗೆ ಮುಟ್ಟಿತೋ ಇಲ್ಲವೋ ತಿಳಿಯುವ ಬಗೆಯಿಲ್ಲ. ಸ್ಪೀಕರ್ ಸುಮ್ಮನಿತ್ತು. ಕರಡಿ ಅದನ್ನು ಮೂಸಿತು, ಉಗುರಿನಿಂದ ಕೆರೆಯಿತು, ಆಮೇಲೆ ಬಂಡೆಯ ಬುಡಕ್ಕೇ ಬಂತು. ಅದರ ಉಸಿರು ನನಗೆ ಕೇಳಿಸುತ್ತಿತ್ತು.

ಅರ್ಧ ಗಂಟೆಯಾದರೂ ಕಳೆದಿರಬೇಕು, ಕೆಳಗಿನಿಂದ ತಮಟೆಯ ಸದ್ದು ಬಂತು, ಜನರ ಕೂಗು. ಕರಡಿ ತಟ್ಟನೆ ತಿರುಗಿ, ಮರಿಯನ್ನು ಬೆನ್ನಿಗೇರಿಸಿಕೊಂಡು ಪೊದೆಗಳಲ್ಲಿ ಮರೆಯಾಯಿತು.

"ಎಲ್ಲೈತೆ ಮೇಷ್ಟ್ರೇ?" ಎನ್ನುತ್ತಾ ಹಾರನಹಳ್ಳಿಯ ತಮಟೆಯವರು ಮೇಲೆ ಬಂದರು. ಅವರ ಹಿಂದೆ ಬರಿಗಾಲಲ್ಲಿ, ಏದುಸಿರು ಬಿಡುತ್ತಾ ಪದ್ಮತ್ತೆ.

"ಕೇಳಿಸ್ತೇನೇ?" ಅಪ್ಪ ಬಂಡೆಯಿಂದ ಇಳಿಯುತ್ತಾ ಕೇಳಿದರು.

"ಕೇಳಿಸ್ತಣ್ಣ. ನೀನು ಸ್ಪೀಕರ್ ಹಾಕಿರ್ತೀಯ ಅಂತ ಗೊತ್ತಿತ್ತು. ಬಾಯಿ ಮುಚ್ಕೊಂಡಿರೋದು ಎಷ್ಟು ಕಷ್ಟ ಆಯ್ತು ಗೊತ್ತಾ!" ಎಂದವರೇ ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟರು.

ಪದ್ಮತ್ತೆ ಈಗಿಲ್ಲ. ಆ ಗುಡ್ಡದ ಅರ್ಧ ಭಾಗ ಜಲ್ಲಿಯಾಗಿ ಹೋಗಿದೆ. ಉಳಿದರ್ಧದ ಮೇಲೆ ಮೊಬೈಲ್ ಟವರ್ ನಿಂತಿದೆ. ಮೊನ್ನೆ ಬಸ್ಸಿನಿಂದ ಮಗಳಿಗೆ ಆ ಜಾಗ ತೋರಿಸಿದೆ.

"ಕರಡಿಗಳು ಈಗ ಎಲ್ಲಿಗೆ ಹೋದ್ವಮ್ಮ?" ಅಂದಳು.

ಜಲ್ಲಿ ಕ್ರಷರಿನ ಬಿಳಿ ಧೂಳು ಒಳಗೆ ಬರುತ್ತಿತ್ತು, ಕಿಟಕಿ ಎಳೆದುಕೊಂಡೆ.