ಹೆಸರಿನ ಮುಂದಿನ ಚುಕ್ಕೆ

ಟೇಲರ್ ಅಕ್ಕನ ತುಟಿಗಳ ನಡುವೆ ಯಾವಾಗಲೂ ಎರಡು ಗುಂಡುಪಿನ್ನು ಇರುತ್ತಿದ್ದವು. ಹಾಗಾಗಿ ಬಾಯಿಯ ಒಂದೇ ಬದಿಯಿಂದ ಮಾತಾಡುತ್ತಿದ್ದಳು. ಎಡಬದಿ ಎಂದು ಬರೆದು ಹೊಡೆದುಹಾಕಿದ್ದೇನೆ. ನಾನು ಆಕೆಯನ್ನು ಹೆಚ್ಚಾಗಿ ನೋಡಿದ್ದು ಕನ್ನಡಿಯಲ್ಲಿ, ಅಳತೆ ಕೊಡುತ್ತಾ ನಿಂತಾಗ. ಅಲ್ಲಿ ಎಡ ಬಲವಾಗಿರುತ್ತದೆ.

ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ನಮ್ಮ ಕೆಳಗಿನ ಮನೆಯ ಮುಂದಿನ ಕೋಣೆಯೇ ಆಕೆಯ ಅಂಗಡಿ. ಬರೀ ಬ್ಲೌಸು ಹೊಲಿಯುತ್ತಿದ್ದಳು. ಕಲಬುರಗಿ ಕಡೆಯವಳು. ಗಿರಾಕಿಗಳ ಜೊತೆ ತೆಲುಗು, ಹಿಂದಿ. ನನ್ನ ಜೊತೆ ಕನ್ನಡ. "ಉಸಿರು ಹಿಡೀಬ್ಯಾಡ ತಂಗಿ. ನಾಳಿ ಬ್ಲೌಸ್ ತೊಟ್ಟು ಉಸಿರಾಡ್ಬೇಕಲ್ಲ ನೀ?" ಎಂದು ಟೇಪು ಸಡಿಲಿಸುತ್ತಿದ್ದಳು. ನಾನು ದಪ್ಪಗಾದ ವರ್ಷ, ಹಳೆಯ ಬ್ಲೌಸನ್ನು ಬೆಳಕಿಗೆ ಹಿಡಿದು, "ಬಟ್ಟೀನೇ ಕುಗ್ಗ್ಯಾದ ಬಿಡು" ಅಂದಿದ್ದಳು.

ಅಳತೆಗಳೆಲ್ಲ ಒಂದು ಉದ್ದನೆಯ ರಿಜಿಸ್ಟರಿನಲ್ಲಿದ್ದವು. ಒಂದು ದಸರೆಗೆ ಕೆಲಸ ಹೆಚ್ಚಾಗಿ, ಪಕ್ಕದ ಗಲ್ಲಿಯ ಕಟಿಂಗ್ ಮಾಸ್ಟರನಿಗೆ ಅರ್ಧ ಬಟ್ಟೆ ಕೊಡಬೇಕಾಯಿತು. ರಿಜಿಸ್ಟರು ಒಂದೇ, ಕತ್ತರಿಸುವವರು ಇಬ್ಬರು. ನಾನೇ ಮುಂದಾಗಿ ಮೂರು ಭಾನುವಾರ ಕೂತು ಎಲ್ಲವನ್ನೂ ಸ್ಪ್ರೆಡ್‌ಶೀಟಿಗೆ ಏರಿಸಿದೆ. ಎದೆ, ಸೊಂಟ, ಭುಜ, ತೋಳು, ಕುತ್ತಿಗೆ, ಒಂದೊಂದಕ್ಕೂ ಒಂದು ಕಾಲಂ. ಇಬ್ಬರ ಫೋನಿನಲ್ಲೂ ಅದೇ ಶೀಟು.

"ಹೆಸರು ಒತ್ತಿದ್ರ ಅಳತಿ ಬರ್ತದ? ಹಂಗಾರ ಹೆಂಗಸರು ಮನ್ಯಾಗೇ ಇರ್ಲಿ, ಫೋನಿಗೇ ಬ್ಲೌಸ್ ತೊಡಸೂಣು" ಎಂದು ಅಕ್ಕ ನಕ್ಕಳು.

ರಿಜಿಸ್ಟರಿನ ಕೆಲವು ಹೆಸರುಗಳ ಮುಂದೆ ನೀಲಿ ಇಂಕಿನ ಚುಕ್ಕೆಗಳಿದ್ದವು. ಬಟ್ಟೆ ಒಯ್ದವರ ಗುರುತಿರಬೇಕು ಎಂದುಕೊಂಡು ಬಿಟ್ಟುಬಿಟ್ಟೆ. ಇವು ಏನೆಂದು ಆಕೆಯನ್ನು ಕೇಳಿದ್ದೆ ಎಂದು ನನಗೆ ನೆನಪು. ಆದರೆ ಆ ನೆನಪಿನಲ್ಲಿ ಅಕ್ಕನ ಉತ್ತರ ಇಲ್ಲ. ಬಹುಶಃ ಕೇಳಿಯೇ ಇರಲಿಲ್ಲ. ಆಮೇಲೆ ನನ್ನ ಸಮಾಧಾನಕ್ಕೆ ಕಟ್ಟಿಕೊಂಡಿರಬೇಕು.

ದಸರೆಗೆ ಎರಡು ದಿನವಿರುವಾಗ ಹಳೆಯ ಗಿರಾಕಿಯೊಬ್ಬಳು ಬಂದಳು. ಮಾಸ್ಟರ್ ಹೊಲಿದ ಬ್ಲೌಸನ್ನು ಒಳಗೆ ಹೋಗಿ ತೊಟ್ಟುನೋಡಿ, ಬಿಚ್ಚಿ, ಮಡಚಿ ಹೊರಗೆ ತಂದಳು. ಯಾರೆಂದು ಬರೆಯುವುದಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಆಕೆಯ ಒಂದು ಮೊಲೆ ಹೋಗಿತ್ತು. ಅಕ್ಕ ವರ್ಷಗಳಿಂದ ಆ ಬದಿಗೆ ಹತ್ತಿ ತುಂಬಿ, ಎರಡೂ ಸಮ ಕಾಣುವಂತೆ ಹೊಲಿದುಕೊಡುತ್ತಿದ್ದಳು. ಅದು ಅವರಿಬ್ಬರಿಗೇ ಗೊತ್ತಿದ್ದ ಸಂಗತಿ. ಮಾಸ್ಟರ್ ನನ್ನ ಶೀಟಿನಲ್ಲಿದ್ದ ಅಂಕಿಗಳಂತೆ ಹೊಲಿದಿದ್ದ.

"ಇದಿ ನಾದಿ ಕಾದಕ್ಕಾ" ಅಂದಳು. ಇದು ನನ್ನದಲ್ಲ ಅಕ್ಕಾ.

ಅಲ್ಲೇ ನಿಂತಿದ್ದ ಮಾಸ್ಟರ್ "ಆಪ್ ಕಾ ಹೀ ಹೈ ಮೇಡಂ" ಎಂದು ಫೋನು ತೆಗೆದು, ಆಕೆಯ ಅಳತೆಗಳನ್ನು ಎಲ್ಲರ ಎದುರು ಗಟ್ಟಿಯಾಗಿ ಓದತೊಡಗಿದ. ಅಕ್ಕ ಅವನ ಕೈಯಿಂದ ಫೋನು ಕಸಿದುಕೊಂಡಳು. ಅಷ್ಟರಲ್ಲಿ ಆಕೆ ಚಪ್ಪಲಿ ಮೆಟ್ಟಿ ಹೊರಟಿದ್ದಳು.

ರಿಜಿಸ್ಟರಿನಲ್ಲಿ ಆಕೆಯ ಹೆಸರಿನ ಮುಂದೆ ಚುಕ್ಕೆಯಿತ್ತು. ಅಂಕಿಯಲ್ಲಿ ಬರೆಯದ್ದನ್ನು ಒಳಗೆ ಸೇರಿಸಿ ಹೊಲಿಯಬೇಕಾದವರ ಗುರುತು ಅದೆಂದು ನನಗೆ ತಿಳಿದದ್ದು ಆಗ. "ನನಗಾದರೂ ಹೇಳಬಾರದಿತ್ತಾ ಅಕ್ಕಾ?" ಎಂದೆ.

ಅಕ್ಕ ಬಾಯಿಂದ ಪಿನ್ನು ತೆಗೆದಳು. "ಅದು ಆಕೀ ಮಾತು ತಂಗಿ. ನಾ ಹೆಂಗ ಹೇಳ್ಲಿ?"

ಮರುದಿನ ಅಕ್ಕ ತಾನೇ ಹೊಸದು ಹೊಲಿದು ಆ ಗಿರಾಕಿಯ ಮನೆಗೆ ಒಯ್ದಳು. ಆಕೆ ಬಾಗಿಲಲ್ಲೇ ನಿಂತು ತೆಗೆದುಕೊಂಡಳಂತೆ, ಒಳಗೆ ಕರೆಯಲಿಲ್ಲವಂತೆ. ಮತ್ತೆಂದೂ ಅಂಗಡಿಗೆ ಬರಲಿಲ್ಲ. ಅಕ್ಕ ನನ್ನನ್ನು ಬೈಯಲಿಲ್ಲ. ಶೀಟಿನಲ್ಲಿ ಚುಕ್ಕೆ ಇಡುವುದು ಹೇಗೆಂದು ಮಾತ್ರ ಕೇಳಿದಳು. ಚುಕ್ಕೆ ಇದ್ದವರ ಬಟ್ಟೆ ಇನ್ನು ಮಾಸ್ಟರನಿಗೆ ಹೋಗಬಾರದು ಅಂದಳು. ಖಾಲಿ ಕಾಲಂ ಒಂದನ್ನು ಮಾಡಿಕೊಟ್ಟು, ನಾಚಿಕೆಯಿಂದ ಎದ್ದು ಬಂದೆ. ಆ ಶೀಟನ್ನು ಆಮೇಲೆ ನಾನು ತೆರೆಯಲಿಲ್ಲ.

ಕಳೆದ ಸಂಕ್ರಾಂತಿ ಮುಗಿದ ವಾರ ಅಕ್ಕ ಹೋದಳು. ಎದೆನೋವು ಬಂತು, ಆಸ್ಪತ್ರೆಯವರೆಗೂ ಉಳಿಯಲಿಲ್ಲ. ಗಿರಾಕಿಗಳಿಗೆ ಅವರವರ ಅಳತೆ ಕಳಿಸಿಬಿಡಿ, ಬೇರೆ ಕಡೆ ಹೊಲಿಸಿಕೊಳ್ಳಲಿ ಎಂದು ಆಕೆಯ ಮಗಳು ಕೇಳಿದಾಗ ಶೀಟು ತೆರೆದೆ. ಒಂಬತ್ತು ಚುಕ್ಕೆಗಳಿದ್ದವು. ಮತ್ತೆ ಬಾರದ ಆ ಗಿರಾಕಿಯ ಹೆಸರಿನ ಮುಂದೆ ಒಂದು. ನನ್ನ ಹೆಸರಿನ ಮುಂದೆ ಒಂದು.

ಚಿಕ್ಕಂದಿನಲ್ಲಿ ಮೆಟ್ಟಿಲಿಂದ ಬಿದ್ದು ನನ್ನ ಎಡಭುಜ ಇಳಿದಿತ್ತು. ಕಾಲೇಜಿನಲ್ಲಿ ಹುಡುಗಿಯರು ತಕ್ಕಡಿ ಎಂದು ಕರೆಯುತ್ತಿದ್ದರು. ಹೈದರಾಬಾದಿಗೆ ಬಂದ ಮೇಲೆ ಸೆರಗು ಜಾರುವುದು ನಿಂತಿತು. ಭುಜ ತಾನಾಗಿ ಸರಿಹೋಯಿತೆಂದು ನಾನು ನಂಬಿದ್ದೆ. ರಿಜಿಸ್ಟರಿನಿಂದ ನಕಲು ಮಾಡುವಾಗ ನನ್ನ ಹೆಸರಿನ ಮುಂದಿನ ಚುಕ್ಕೆಯನ್ನೂ ನಾನೇ ಬಿಟ್ಟಿರಬೇಕು.

ಕಪಾಟಿನಿಂದ ಬ್ಲೌಸು ತೆಗೆದು ಒಳಮಗ್ಗುಲು ತಿರುಗಿಸಿದೆ. ಎಡಭುಜದ ಲೈನಿಂಗಿನೊಳಗೆ, ಕಣ್ಣಿಗಲ್ಲ, ಬೆರಳಿಗೆ ಮಾತ್ರ ಸಿಗುವಷ್ಟು ತೆಳ್ಳಗೆ ಮಡಚಿಟ್ಟ ಬಟ್ಟೆ. ಇನ್ನೊಂದರಲ್ಲೂ ಇತ್ತು. ಆಕೆ ನನಗೆ ಹೊಲಿದ ಮೊಟ್ಟಮೊದಲ ಬ್ಲೌಸಿನಲ್ಲೂ ಇತ್ತು.

ಎಲ್ಲರಿಗೂ ಅಳತೆ ಕಳಿಸಿದೆ. ಚುಕ್ಕೆಗಳನ್ನು ಕಳಿಸಲಿಲ್ಲ, ಅವು ಅವರವರ ಮಾತು. ನನ್ನದನ್ನು ಇಲ್ಲಿ ಬರೆದಿದ್ದೇನೆ, ಆದರೆ ಹೊಸ ಟೇಲರ್ ಒಬ್ಬಳ ಎದುರು ನಿಂತು ಹೇಳಲು ಇನ್ನೂ ಆಗಿಲ್ಲ. ಮೂರು ಬ್ಲೌಸ್‌ಪೀಸು ಕಪಾಟಿನಲ್ಲಿ ಹಾಗೇ ಇವೆ.